ಸಾಸಿವೆಗೊಂದು ತುಂಡು

ಪಿಯಾನೊದ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ಕಪ್ಪು ಬೂಟು, ಎಡಗಾಲಿನ ಲೇಸ್ ಬಿಚ್ಚಿಹೋಗಿತ್ತು.

ಬೋಂಜೂರ್ ಟೀಚರಿಗೆ ಬೈಯಲು ಒಬ್ಬರು ಬೇಕಾಗಿ ಮೂರು ವಾರವಾಗಿತ್ತು. ಕೊನೆಗೂ ಸಿಕ್ಕಿಬಿದ್ದರಲ್ಲ ಎಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ನನ್ನ ಕುರ್ಚಿ ಎಳೆಯೋರು ನೀವೇನಾ?"

ಕಾಲುಗಳು ಬೆಚ್ಚಿದವು. ಒಳಗೆ ತಲೆ ಮರಕ್ಕೆ ಢಣ್ ಎಂದು ಬಡಿಯಿತು, ತಂತಿಗಳೆಲ್ಲ ಒಟ್ಟಿಗೆ ಗುಂಯ್‌ಗುಟ್ಟಿದವು. ಆಮೇಲೆ ಒಬ್ಬ ಮನುಷ್ಯ ತೆವಳಿಕೊಂಡು ಹೊರಗೆ ಬಂದ. ಮೂವತ್ತು ದಾಟಿದವನು, ಕೂದಲ ತುಂಬ ಧೂಳು, ಕೈಯಲ್ಲಿ ತಂತಿ ಬಿಗಿದು ಶ್ರುತಿ ಮಾಡುವ ಕೀಲಿ.

ತಾನು ಪಿಯಾನೊ ರಿಪೇರಿಯವನು, ಲೈಬ್ರರಿಯವರು ಕರೆಸಿದ್ದಾರೆ, ಈ ಕೋಣೆಗೆ ಕಾಲಿಟ್ಟಿದ್ದು ಇವತ್ತೇ ಮೊದಲು ಎಂದ. ಹಾಗೆನ್ನುವಾಗ ಅವಳ ಮುಖ ನೋಡಲಿಲ್ಲ, ಕೀಲಿಯನ್ನು ಒರೆಸುತ್ತಿದ್ದ. ಅದನ್ನು ಅವಳು ಗಮನಿಸಿದಳು. ಅವನ ರೆಪ್ಪೆ ಉದ್ದ ಎಂಬುದನ್ನೂ ಗಮನಿಸಿದಳು. ಸಿಟ್ಟು ಬಂದಾಗ ಇಂಥದ್ದೆಲ್ಲ ಯಾಕೆ ಕಣ್ಣಿಗೆ ಬೀಳುತ್ತದೋ ದೇವರಿಗೇ ಗೊತ್ತು.

ವಿಷಯ ಇಷ್ಟೇ. ಲೈಬ್ರರಿಯ ಮಹಡಿಯ ಮೇಲಿನ ಮಕ್ಕಳ ಕೋಣೆಯಲ್ಲಿ ಪ್ರತಿ ಶನಿವಾರ ಬೆಳಗ್ಗೆ ಹತ್ತಕ್ಕೆ ಅವಳ ಫ್ರೆಂಚ್ ತರಗತಿ. ನಾಲ್ಕರಿಂದ ಆರು ವರ್ಷದ ಹನ್ನೊಂದು ಪುಟಾಣಿಗಳು. ಪಾಠ ಅಂದರೆ ಪಾಠವಲ್ಲ, ಕಥೆ ಮತ್ತು ಹಾಡು. ಬಂದ ಕೂಡಲೇ ಬೋಂಜೂರ್, ಅಂದರೆ ನಮಸ್ಕಾರ, ಎನ್ನುವುದರಿಂದ ಮಕ್ಕಳಿಗೆ ಅವಳು ಬೋಂಜೂರ್ ಟೀಚರ್. ಶುಕ್ರವಾರ ಸಂಜೆಯೇ ಅವಳು ಪುಟ್ಟ ಕುರ್ಚಿಗಳನ್ನು ದುಂಡಗೆ ಜೋಡಿಸಿ, ಬಾಗಿಲಿಗೆ ಬೀಗ ಹಾಕಿಸಿ ಹೋಗುತ್ತಿದ್ದಳು. ಶನಿವಾರ ಬಂದು ನೋಡಿದರೆ ಒಂದು ಕುರ್ಚಿ ಮಾತ್ರ ವೃತ್ತ ಬಿಟ್ಟು ಪಿಯಾನೊದ ಮುಂದೆ ಹೋಗಿ ಕೂತಿರುತ್ತಿತ್ತು. ಪ್ರತಿ ಸಲವೂ ಅದೇ ಕುರ್ಚಿ, ಹನ್ನೆರಡನೆಯದು, ಯಾರಿಗೂ ಅಲ್ಲದ್ದು.

"ಹನ್ನೊಂದು ಮಕ್ಕಳಿಗೆ ಹನ್ನೆರಡು ಕುರ್ಚಿ ಯಾಕೆ?" ಎಂದು ಅವನು ಕೇಳಿದ.

"ಅದು ತಡವಾಗಿ ಬರೋರಿಗೆ."

ಅವನ ಕೈಯಲ್ಲಿದ್ದ ಕೀಲಿ ಒಂದು ಕ್ಷಣ ನಿಂತಿತು. ಮತ್ತೆ ಒರೆಸತೊಡಗಿದ.

ಕುರ್ಚಿಯ ಕಥೆಗೆ ಮೂಲ ಒಂದು ನೀಲಿ ರಟ್ಟಿನ ನೋಟ್‌ಬುಕ್. ಮೊದಲಿಗೆ ಅವಳ ತರಗತಿಗೆ ಬರುತ್ತಿದ್ದುದು ಮೂರೇ ಮಕ್ಕಳು, ಅದರಲ್ಲಿ ಒಂದು ಅವಳ ಅಕ್ಕನ ಮಗಳು. ಇನ್ನೆರಡು ವಾರ ನೋಡಿ ಮುಚ್ಚಿಬಿಡೋಣ ಎಂದು ಲೈಬ್ರರಿ ಮೇಡಂ ನಯವಾಗಿಯೇ ಹೇಳಿದ್ದರು. ಆಗ ಕೋಣೆಯ ಬೀರು ಖಾಲಿ ಮಾಡುವಾಗ ಆ ನೋಟ್‌ಬುಕ್ ಸಿಕ್ಕಿತು. ಎಷ್ಟೋ ವರ್ಷದ ಹಿಂದೆ ಇದೇ ಕೋಣೆಯಲ್ಲಿ ಇದೇ ಕೆಲಸ ಮಾಡಿದ ಯಾರದೋ ಕೈಬರಹ. ಮೂಗಿಗೆ ಹಿಟ್ಟು ಹಚ್ಚಿಕೊಂಡ ಬೇಕರಿ ಕರಡಿಯ ಕಥೆ, ಗಂಟೆ ಬಾರಿಸಲು ಮರೆತ ಗೋಪುರದ ಮುದುಕನ ಕಥೆ, ಕೆನ್ನೆಗೆ ಕೆನ್ನೆ ತಾಗಿಸಿ ಬೋಂಜೂರ್ ಹೇಳುವ ರೀತಿ, ಎಲ್ಲ ಇತ್ತು. ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: ಒಂದು ಕುರ್ಚಿ ಯಾವಾಗಲೂ ಹೆಚ್ಚಿಗೆ ಇಡಬೇಕು. ಶುರುವಿಗೆ ಕರೆಯುವ ಹಾಡು, ಕೊನೆಗೆ ಕಳಿಸುವ ಹಾಡು. ಎರಡರಲ್ಲಿ ಒಂದನ್ನೂ ತಪ್ಪಿಸಬಾರದು.

ಕರೆಯುವ ಹಾಡು ಇತ್ತು. 'ಆಂತ್ರೆ, ಆಂತ್ರೆ', ಅಂದರೆ ಒಳಗೆ ಬನ್ನಿ, ಒಳಗೆ ಬನ್ನಿ, ಹೊರಗೆ ಚಳಿ, ನಿಮ್ಮ ಕುರ್ಚಿ ಬೆಚ್ಚಗಿದೆ ಎನ್ನುವ ಹಾಡು. ಕಳಿಸುವ ಹಾಡಿನ ಪುಟವನ್ನು ಯಾರೋ ಹರಿದುಕೊಂಡಿದ್ದರು. ಬೈಂಡಿಂಗ್ ಹತ್ತಿರ ಕಾಗದದ ಚೂರು ಮಾತ್ರ ಉಳಿದಿತ್ತು. ಹೋಗಲಿ ಬಿಡು ಎಂದುಕೊಂಡು ಅವಳು ಕೊನೆಗೆ ಒಂದು ಪುಟ್ಟ ಗಂಟೆ ಬಾರಿಸಿ ತರಗತಿ ಮುಗಿಸುತ್ತಿದ್ದಳು. ಅವಳು ಮಾಡಿದ ತಪ್ಪು ಅದೊಂದೇ.

ಕರೆಯುವ ಹಾಡು ಶುರುಮಾಡಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಬಂದು ಸೇರಿದರು. ಮೇಡಂಗೆ ಖುಷಿಯೋ ಖುಷಿ, ಹಳೇ ಪಿಯಾನೊ ರಿಪೇರಿಗೆ ಒಪ್ಪಿದ್ದೂ ಅದೇ ಖುಷಿಯಲ್ಲಿ. ಆದರೆ ತರಗತಿ ಮುಗಿದ ಮೇಲೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವಾಗ, ಯಾರೂ ಕೂರದ ಆ ಹನ್ನೆರಡನೇ ಕುರ್ಚಿ ಕೈಗೆ ಬೆಚ್ಚಗೆ ತಾಗುತ್ತಿತ್ತು. ಬಿಸಿಲಿಗೆ ಇರಬೇಕು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಕಿಟಕಿ ಇದ್ದದ್ದು ಆಚೆ ಬದಿಗೆ.

ಪಿಯಾನೊ ಕೆಲಸ ಒಂದೇ ದಿನಕ್ಕೆ ಮುಗಿಯುವಂಥದ್ದಲ್ಲ ಎಂದ ಅವನು. ಹಳೇ ತಂತಿಗಳನ್ನು ಒಮ್ಮೆಗೇ ಬಿಗಿದರೆ ಕಿತ್ತು ಬರುತ್ತವೆ. ವಾರಕ್ಕಿಷ್ಟು ಎಂದು ಬಿಗಿಯುತ್ತ ಹೋಗಬೇಕು, ನಾಲ್ಕು ಶನಿವಾರವಾದರೂ ಬೇಕು. ಅವಳು ಹುಬ್ಬು ಗಂಟಿಕ್ಕಿದಳು. ಒಳಗೊಳಗೇ ನಾಲ್ಕು ಶನಿವಾರ ಎಂದು ಎಣಿಸಿಯೂ ಆಗಿತ್ತು.

ಮಕ್ಕಳು ಅವನಿಗೆ ಪಿಯಾನೊ ಡಾಕ್ಟರ್ ಎಂದು ಹೆಸರಿಟ್ಟರು. ಅವನು ಎಂದೂ ವೃತ್ತದೊಳಗೆ ಬರುತ್ತಿರಲಿಲ್ಲ. ಪಿಯಾನೊ ಪಕ್ಕದಲ್ಲೇ ನಿಂತು ಕೇಳುತ್ತಿದ್ದ. ಅವಳು ಕರಡಿಯ ದನಿಯಲ್ಲಿ ಗೊರಗೊರ ಮಾತಾಡುವಾಗ ತುಟಿಯ ಒಂದು ಮೂಲೆಯಲ್ಲಿ ನಗುತ್ತಿದ್ದ, ಅವಳು ತಿರುಗಿದ ಕೂಡಲೇ ತಂತಿ ನೋಡುವವನ ಹಾಗೆ ನಟಿಸುತ್ತಿದ್ದ. ಹನ್ನೆರಡನೇ ಕುರ್ಚಿಯ ಕಡೆಗೆ ಮಾತ್ರ ಅಪ್ಪಿತಪ್ಪಿಯೂ ಕಣ್ಣು ಹಾಯಿಸುತ್ತಿರಲಿಲ್ಲ.

ಎರಡನೇ ಶನಿವಾರ ಅವಳ ಮಾನ ಹೋಯಿತು. ಫ್ರೆಂಚಿನ 'ರ' ಗಂಟಲಿನಿಂದ ಬರಬೇಕು, ಅವಳಿಗೆ ಅದು ಜನ್ಮದಲ್ಲಿ ಬಂದಿರಲಿಲ್ಲ. ಹಾಡಿನ ನಡುವೆ ಅಕ್ಕನ ಮಗಳು ಕೈ ಎತ್ತಿತು.

"ಚಿಕ್ಕಿ, ಹಾಗಲ್ಲ. ಆಂಟಿ ಹಾಗೆ ಹೇಳಲ್ಲ."

ಎಂದು ತಿದ್ದಿ ಹಾಡಿತು. ಮಿಕ್ಕ ಹತ್ತು ಮಕ್ಕಳೂ ಅದರ ಜೊತೆಗೆ ಹಾಡಿದರು. ಹನ್ನೊಂದು ಎಳೆಯ ಗಂಟಲಿನಿಂದ ಒಂದೇ ಥರದ 'ರ', ಹುಟ್ಟಿದಾಗಿನಿಂದ ಆ ಭಾಷೆಯಲ್ಲೇ ಉಂಡು ಮಲಗಿದವರ ಹಾಗೆ. ಯಾವ ಆಂಟಿ ಎಂದು ಕೇಳಿದ್ದಕ್ಕೆ ಮಕ್ಕಳು ಇಷ್ಟೂ ಗೊತ್ತಿಲ್ಲವಾ ಎನ್ನುವ ಹಾಗೆ ಒಬ್ಬರನ್ನೊಬ್ಬರು ನೋಡಿಕೊಂಡರು.

ತರಗತಿ ಬಿಟ್ಟ ಮೇಲೆ ಅವಳು ಪೆಚ್ಚಾಗಿ ಕುರ್ಚಿ ಪೇರಿಸುತ್ತಿದ್ದಾಗ ಪಿಯಾನೊ ಡಾಕ್ಟರ್ ಹತ್ತಿರ ಬಂದ.

"ಗಂಟಲು ಮುಕ್ಕಳಿಸೋ ಥರ ಮಾಡಿ ನೋಡಿ. ನೀರಿಲ್ದೆ."

ಅವಳು ಮಾಡಿದಳು. ಕೆಮ್ಮು ಬಂತು. ಅವನು ನಗುತ್ತ ಮಾಡಿ ತೋರಿಸಿದ. ಎರಡು ದೊಡ್ಡ ಜೀವಗಳು ಖಾಲಿ ಕೋಣೆಯಲ್ಲಿ ಎದುರುಬದುರು ನಿಂತು ಗೊರ್ ಗೊರ್ ಎಂದು ಅಭ್ಯಾಸ ಮಾಡಿದವು. ಐದನೇ ಸಲಕ್ಕೆ ಅವಳ ಗಂಟಲಿನಿಂದ ಸರಿಯಾದ 'ರ' ಹೊರಟಾಗ ಅವನ ಕಣ್ಣು ಅರಳಿತು, ಅವಳಿಗೆ ಮುಖ ಎತ್ತ ತಿರುಗಿಸಬೇಕೋ ತಿಳಿಯಲಿಲ್ಲ.

"ನಿಮಗೆ ಫ್ರೆಂಚ್ ಬರುತ್ತಾ?"

"ಗಂಟಲು ಮುಕ್ಕಳಿಸೋಕೆ ಬರುತ್ತೆ," ಎಂದು ಪೆಟ್ಟಿಗೆ ಎತ್ತಿಕೊಂಡು ಹೊರಟುಬಿಟ್ಟ. ಆ ವಾರವಿಡೀ ಅವಳು ಬಚ್ಚಲುಮನೆಯಲ್ಲಿ ಅದನ್ನೇ ಹೇಳಿಕೊಳ್ಳುತ್ತಿದ್ದಳು. ಅವಳಿಗೆ ಅವನು ಬೇಕೆನಿಸತೊಡಗಿದ್ದ, ಸುತ್ತಿಬಳಸಿ ಹೇಳುವುದರಲ್ಲಿ ಏನಿದೆ.

ಆದರೆ ಆ ಖುಷಿಯನ್ನು ಪೂರ್ತಿ ಸವಿಯಲು ಅಕ್ಕನ ಮಗಳು ಬಿಡಲಿಲ್ಲ. ಐದು ವರ್ಷದ ಆ ಹುಡುಗಿಗೆ ಮನೆಯಲ್ಲಿ ಬುಗುರಿ ಎಂದೇ ಹೆಸರು, ನಿಂತಲ್ಲಿ ನಿಲ್ಲುವ ಜೀವವಲ್ಲ. ಅಂಥದ್ದು ಈಗ ತರಗತಿಯ ಒಂದು ಗಂಟೆಯೂ ಅಲುಗಾಡದೆ ಕೂರುತ್ತಿತ್ತು. ಹನ್ನೆರಡನೇ ಕುರ್ಚಿಯ ಪಕ್ಕದ ಜಾಗವೇ ಬೇಕು ಎಂದು ಹಟ. ಎಡಗೈಯನ್ನು ಆ ಕುರ್ಚಿಯ ಕಡೆಗೆ ಚಾಚಿ, ಬೆರಳು ಮಡಚಿ ಇಟ್ಟುಕೊಂಡಿರುತ್ತಿತ್ತು. ಮನೆಯಲ್ಲೂ ಆಟ ನಿಂತಿತು. ಕರೆದರೆ ತಿರುಗುತ್ತಿರಲಿಲ್ಲ, ಊಟಕ್ಕೆ ಕೂತಾಗ ಪಕ್ಕದಲ್ಲಿ ಇನ್ನೊಂದು ತಟ್ಟೆ ಇಡುತ್ತಿತ್ತು, ತಾನು ಮಾತ್ರ ನಾಲ್ಕು ತುತ್ತಿಗೆ ಸಾಕು ಎನ್ನುತ್ತಿತ್ತು. ಡಾಕ್ಟರ ಹತ್ತಿರ ತೋರಿಸಿದ್ದಾಯಿತು, ಏನೂ ಇಲ್ಲ ಎಂದರು.

ಮೂರನೇ ಶನಿವಾರ ಗಂಟೆ ಬಾರಿಸಿದ ಮೇಲೂ ಬುಗುರಿ ಏಳಲಿಲ್ಲ. ಎತ್ತಿಕೊಳ್ಳಲು ಹೋದರೆ ಐದು ವರ್ಷದ ಮಗು ಕಲ್ಲಿನಷ್ಟು ಭಾರ. ಅದರ ಬಲಗೈ ಬೆಚ್ಚಗಿತ್ತು, ಎಡಗೈ ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಮಂಜುಗಡ್ಡೆ. ಮಣಿಕಟ್ಟಿನ ಆಚೆಗೆ ಒಂದು ಗೆರೆ ಎಳೆದ ಹಾಗೆ ಬಿಸಿ ಶುರುವಾಗುತ್ತಿತ್ತು. ಅಕ್ಕ ಬಂದು ಇಬ್ಬರೂ ಸೇರಿ ಎಳೆದ ಮೇಲೆ ಮಗು ಎದ್ದಿತು, ಅಳಲೂ ಇಲ್ಲ.

ಅಕ್ಕನ ಮುಖ ಬಿಳಿಚಿತ್ತು. ಮುಂದಿನ ವಾರ ಕೇಕ್ ಕತ್ತರಿಸುವ ದಿನ ಎಂದು ಮಗುವಿಗೆ ಮಾತು ಕೊಟ್ಟಿರುವುದರಿಂದ ಕಳಿಸುತ್ತೇನೆ, ಅಲ್ಲಿಗೆ ಮುಗಿಯಿತು ಎಂದಳು.

"ನನ್ನ ಮಗಳನ್ನ ನಂಗೆ ವಾಪಸ್ ಕೊಡು ಸಾಕು. ನಿನ್ನ ಹಾಡೂ ಬೇಡ, ಕಥೆಯೂ ಬೇಡ."

ತಂಗಿ ಪಿಯಾನೊ ಪಕ್ಕ ನಿಂತಿದ್ದವನ ಕಡೆಗೆ ನೋಡಿದಳು. ಅವನು ಗೋಡೆಗೆ ಮುಖ ಮಾಡಿ ನಿಂತಿದ್ದ.

ಕೇಕಿನ ಆಟ ನೋಟ್‌ಬುಕ್ಕಿನಲ್ಲೇ ಇತ್ತು. ಫ್ರೆಂಚರ ಮನೆಗಳಲ್ಲಿ ವರ್ಷಕ್ಕೊಮ್ಮೆ ಪದರು ಪದರಾದ ದುಂಡು ಕೇಕ್ ಮಾಡಿ ಅದರೊಳಗೆ ಒಂದು ಕಾಳು ಬಚ್ಚಿಡುತ್ತಾರೆ. ಮನೆಯ ಅತಿ ಚಿಕ್ಕ ಮಗು ಮೇಜಿನ ಕೆಳಗೆ ಕೂರುತ್ತದೆ. ಮೇಲೆ ದೊಡ್ಡವರು ಒಂದೊಂದೇ ತುಂಡಿನ ಮೇಲೆ ಚಾಕು ಇಟ್ಟು ಇದು ಯಾರಿಗೆ ಎಂದು ಕೇಳುತ್ತಾರೆ, ಕೆಳಗಿನ ಮಗು ನೋಡದೆಯೇ ಹೆಸರು ಹೇಳುತ್ತದೆ. ಮೋಸಕ್ಕೆ ಜಾಗವಿಲ್ಲ. ಕಾಳು ಸಿಕ್ಕವರು ಆ ದಿನದ ರಾಜ. ಒಂದು ತುಂಡನ್ನು ಹೆಚ್ಚಿಗೆ ಕತ್ತರಿಸುವುದೂ ಉಂಟು, ಹೇಳದೆ ಕೇಳದೆ ಬರುವವರಿಗೆ.

ನಾಲ್ಕನೇ ಶನಿವಾರ ಕರೆಯುವ ಹಾಡು ಮುಗಿದ ಮೇಲೆ ಮೇಜಿಗೆ ಉದ್ದನೆಯ ಬಟ್ಟೆ ಹೊದಿಸಿದರು. ತಾನೇ ಕೆಳಗೆ ಹೋಗುತ್ತೇನೆ ಎಂದಿತು ಬುಗುರಿ. ಅದಕ್ಕಿಂತ ಚಿಕ್ಕವರಿದ್ದರು, ಆದರೂ ಯಾರೂ ತಕರಾರು ಮಾಡಲಿಲ್ಲ. ಟೀಚರ್ ಕೇಕನ್ನು ಹದಿಮೂರು ತುಂಡು ಮಾಡಿದಳು: ಹನ್ನೊಂದು ಮಕ್ಕಳಿಗೆ, ಒಂದು ತನಗೆ, ಒಂದು ಹೆಚ್ಚಿಗೆ. ಪಿಯಾನೊ ಡಾಕ್ಟರಿಗೆ ತನ್ನದರಲ್ಲೇ ಅರ್ಧ ಕೊಡಬೇಕೆಂದು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದಳು, ಅದು ಬೇರೆ ಮಾತು.

"ಇದು ಯಾರಿಗೆ?"

ಬಟ್ಟೆಯ ಕೆಳಗಿನಿಂದ ಒಂದೊಂದೇ ಹೆಸರು ಬಂತು. ಮಕ್ಕಳು ನಗುತ್ತ ತಟ್ಟೆ ಹಿಡಿದರು. ಬುಗುರಿ ತನ್ನ ಹೆಸರು ಹೇಳಿಕೊಂಡಿತು, ಚಿಕ್ಕಿಗೆ ಎಂದಿತು. ಕೊನೆಗೆ ಒಂದೇ ತುಂಡು ಉಳಿಯಿತು.

"ಇದು ಯಾರಿಗೆ?"

ಕೆಳಗಿನಿಂದ ದನಿ ಬಂತು. ಮಗುವಿನದೇ ದನಿ, ಆದರೆ ಮಾತಿನಲ್ಲಿ ದೊಡ್ಡವರ ಮುದ್ದಿತ್ತು.

"ಸಾಸಿವೆಗೆ."

ಆ ಹೆಸರಿನವರು ಯಾರೂ ಇಲ್ಲವಲ್ಲ ಎಂದು ಅವಳು ಹೇಳುವಷ್ಟರಲ್ಲಿ ಪಿಯಾನೊ ಕಡೆಯಿಂದ ಕೀಲಿ ನೆಲಕ್ಕೆ ಬಿದ್ದ ಸದ್ದು. ಅವನು ಪಿಯಾನೊಗೆ ಆತುಕೊಂಡಿದ್ದ. ಅವಳು ಹತ್ತಿರ ಓಡಿದಳು. ಅವನು ಪಿಸುಗುಟ್ಟಿದ.

"ಅದು ನಾನು. ಅಮ್ಮ ನನ್ನನ್ನ ಹಾಗೆ ಕರೀತಿದ್ರು. ಬೇರೆ ಯಾರಿಗೂ ಗೊತ್ತಿಲ್ಲ."

ಒಂದೇ ಉಸಿರಿಗೆ ಎಲ್ಲ ಹೊರಗೆ ಬಂತು. ನೋಟ್‌ಬುಕ್ ಅವನ ಅಮ್ಮನದು. ಇಪ್ಪತ್ತಾರು ವರ್ಷದ ಹಿಂದೆ ಈ ಕೋಣೆಯಲ್ಲಿ, ಈ ಪಿಯಾನೊ ನುಡಿಸುತ್ತ, ಅಮ್ಮನೇ ಮಕ್ಕಳಿಗೆ ಹಾಡು ಕಲಿಸುತ್ತಿದ್ದುದು. ಅವನೂ ಆ ವೃತ್ತದಲ್ಲಿ ಕೂತವನೇ. ಕಳಿಸುವ ಹಾಡಿನಲ್ಲಿ ಒಂದು ಕಡೆ ಹೆಸರಿಗೆ ಜಾಗ ಬಿಟ್ಟಿರುತ್ತದೆ. ಹೊರಡುವ ಒಬ್ಬೊಬ್ಬರ ಹೆಸರು ಹಿಡಿದು ಹಾಡಬೇಕು, ಆಮೇಲೆಯೇ ಅವರು ಬಾಗಿಲು ದಾಟಬೇಕು. ಕೊನೆಯಲ್ಲಿ ಮಕ್ಕಳು ಟೀಚರ ಹೆಸರು ಹಾಡುತ್ತಿದ್ದರು. ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನ, ಬಾ ಸಾಸಿವೆ, ನಂಗೂ ಹಾಡಿ ಕಳಿಸು ಎಂದು ಅವರು ಕರೆದರು. ಏಳು ವರ್ಷದ ಅವನು ಆ ಪುಟ ಹರಿದು ಬಚ್ಚಿಟ್ಟುಕೊಂಡ. ಹಾಡದಿದ್ದರೆ ಅಮ್ಮ ಹೋಗುವುದೇ ಇಲ್ಲ ಎಂದುಕೊಂಡಿದ್ದ. ಅಮ್ಮ ಹೋದರು, ತಿರುಗಿ ಬರಲಿಲ್ಲ.

ಪುಟ ಇನ್ನೂ ಅವನ ಸಾಮಾನಿನ ಪೆಟ್ಟಿಗೆಯಲ್ಲೇ ಇತ್ತು. ಎರಡು ತಿಂಗಳ ಹಿಂದೆ ಕೆಳಗಿನ ಬೀದಿಯಲ್ಲಿ ನಡೆದುಹೋಗುವಾಗ ಕಿಟಕಿಯಿಂದ ಆ ಕರೆಯುವ ಹಾಡು ಕೇಳಿಸಿತು. ಅಲ್ಲಿಂದ ಪ್ರತಿ ಶನಿವಾರ ಬೀದಿಯಲ್ಲೇ ನಿಲ್ಲುತ್ತಿದ್ದ. ಪಿಯಾನೊ ರಿಪೇರಿ ಎಂದು ಗೊತ್ತಾದ ಕೂಡಲೇ ಓಡಿಬಂದಿದ್ದ.

"ಹಾಗಾದ್ರೆ ನಿಮಗೆ ಮೊದಲೇ ಗೊತ್ತಿತ್ತು," ಎಂದಳು ಅವಳು. "ಆ ಮಗುವಿನ ಕೈ ನೋಡಿದ್ರಿ. ನೋಡಿಯೂ ಸುಮ್ನಿದ್ರಿ."

"ಗೊತ್ತಿತ್ತು. ಹಾಡಿದ್ರೆ ಅಮ್ಮ ಹೋಗ್ತಾರೆ. ಇನ್ನೊಂದೇ ಒಂದು ವಾರ ಇರ್ಲಿ ಅಂತ..."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕು ಎನಿಸಿತು, ಅವನನ್ನು ತಬ್ಬಿಕೊಂಡು ಅಳಬೇಕು ಎಂದೂ ಎನಿಸಿತು. ಎರಡಕ್ಕೂ ಸಮಯವಿರಲಿಲ್ಲ. ಮೇಜಿನ ಬಟ್ಟೆ ಸರಿಸಿ ಬುಗುರಿ ಹೊರಗೆ ಬಂದಿತ್ತು. ಎಡಗೈ ಪಕ್ಕಕ್ಕೆ ಎತ್ತಿಕೊಂಡೇ ಇತ್ತು, ದೊಡ್ಡವರ ಕೈ ಹಿಡಿದು ನಡೆಯುವ ಮಕ್ಕಳ ಹಾಗೆ. ಅವನ ಮುಂದೆ ಬಂದು ನಿಂತಿತು.

"ಆಂಟಿಗೆ ಬಾಗಿಲು ಸಿಗ್ತಿಲ್ವಂತೆ," ಎಂದಿತು. "ಕರೆದ್ರು, ಬಂದ್ರಂತೆ. ಆಮೇಲೆ ಯಾರೂ ಕಳಿಸ್ಲೇ ಇಲ್ವಂತೆ. ಅದಕ್ಕೇ ನನ್ನ ಕೈ ಹಿಡ್ಕೊಂಡಿದ್ದಾರೆ. ನಾನು ಹೋಗುವಾಗ ಜೊತೆಗೆ ಹೋಗ್ಬೋದು ಅಂತ. ತುಂಬ ಸುಸ್ತಾಗಿದ್ಯಂತೆ."

ಅವನು ಮಗುವಿನ ಮುಂದೆ ಮಂಡಿಯೂರಿದ. ಆ ಎತ್ತಿದ ಕೈಯ ಪಕ್ಕದ ಖಾಲಿ ಗಾಳಿಯನ್ನು ಮೊದಲ ಬಾರಿಗೆ ನೇರವಾಗಿ ನೋಡಿದ. ಅಮ್ಮ ತನಗಾಗಿ ಉಳಿದಿದ್ದಾರೆ ಎಂದುಕೊಂಡಿದ್ದವನಿಗೆ, ಅವರಿಗೆ ಹೋಗಲು ಆಗುತ್ತಿಲ್ಲ ಎನ್ನುವುದು ಹೊಳೆದೇ ಇರಲಿಲ್ಲ. ಕಣ್ಣೀರು ಧಾರಾಕಾರ ಇಳಿಯಿತು, ಒರೆಸಿಕೊಳ್ಳಲಿಲ್ಲ. ಪೆಟ್ಟಿಗೆಯ ತಳದಿಂದ ಹಳದಿಯಾದ ಕಾಗದ ತೆಗೆದ. ಮಡಿಕೆಗಳಲ್ಲಿ ಅಕ್ಷರ ಅಳಿಸಿಹೋಗಿದ್ದವು, ಆದರೂ ಅವನಿಗೆ ಓದುವ ಅಗತ್ಯ ಬೀಳಲಿಲ್ಲ. ಪಿಯಾನೊದ ಮುಂದೆ ಕೂತ.

ದನಿ ಒಡೆದಿತ್ತು, ಬೆರಳು ಎರಡು ಕಡೆ ತಪ್ಪಿತು. ದಾರಿ ಒಣಗಿದೆ, ದೀಪ ಹಚ್ಚಿದೆ, ಬೋನ್ ರೂತ್, ಅಂದರೆ ಸುಖವಾಗಿ ಹೋಗಿ ಬನ್ನಿ ಎನ್ನುವ ಸಣ್ಣ ಹಾಡು. ಹೆಸರಿನ ಜಾಗ ಬಂದಾಗ ಪಿಯಾನೊ ನಿಂತಿತು. ಬೋಂಜೂರ್ ಟೀಚರ್ ಹಿಂದಿನಿಂದ ಬಂದು ಅವನ ಹೆಗಲ ಮೇಲೆ ಕೈಯಿಟ್ಟಳು.

"ಅಮ್ಮ," ಎಂದು ಹಾಡಿದ ಅವನು.

ಹನ್ನೊಂದು ಮಕ್ಕಳ ತಲೆ ಒಟ್ಟಿಗೆ ತಿರುಗಿತು. ಬುಗುರಿಯ ಪಕ್ಕದಿಂದ ಪಿಯಾನೊದ ಕಡೆಗೆ, ನಡೆಯುವ ಒಬ್ಬರನ್ನು ಕಣ್ಣಿನಲ್ಲೇ ಹಿಂಬಾಲಿಸುವ ಹಾಗೆ, ಮೆಲ್ಲಗೆ. ಅವನ ಬೆನ್ನ ಹಿಂದೆ ಆ ನೋಟ ನಿಂತಿತು. ಅವನ ಧೂಳು ಹತ್ತಿದ ಕೂದಲು ಯಾರೋ ಸವರಿ ಅದುಮಿದ ಹಾಗೆ ತಗ್ಗಿ, ಮತ್ತೆ ಎದ್ದಿತು. ಅವಳು ಅದನ್ನು ಒಂದು ಗೇಣಿನ ದೂರದಿಂದ ನೋಡಿದಳು, ಹೆಗಲ ಮೇಲಿದ್ದ ಅವಳ ಕೈಯನ್ನು ಇನ್ನೊಂದು ತಣ್ಣನೆಯ ಕೈ ಒಮ್ಮೆ ತಟ್ಟಿತು. ಚೀರಬೇಕೆನಿಸಲಿಲ್ಲ. ಆಮೇಲೆ ಮಕ್ಕಳ ಕಣ್ಣು ಬಾಗಿಲಿನವರೆಗೂ ಹೋಯಿತು. ಒಂದು ಮಗು ಕೈ ಬೀಸಿತು, ಎಲ್ಲರೂ ಬೀಸಿದರು.

ಬುಗುರಿ ತನ್ನ ಎಡಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಿತು.

"ಚಿಕ್ಕಿ, ಹಸಿವು," ಎಂದಿತು. ತನ್ನ ತುಂಡು ಮುಗಿಸಿ ಸಾಸಿವೆಯ ತುಂಡಿಗೂ ಕೈ ಹಾಕಿತು. ಕಾಳು ಅದರಲ್ಲಿತ್ತು. ಮಗು ಅದನ್ನು ಎಂಜಲು ಬಾಯಿಂದ ತೆಗೆದು, ಅವನ ಅಂಗೈಯಲ್ಲಿಟ್ಟು, ಕೋಣೆಯ ತುಂಬ ಗಿರಗಿರ ಸುತ್ತತೊಡಗಿತು.

ಆ ವಾರ ಬುಗುರಿ ಮನೆಯಲ್ಲಿ ಎರಡು ಹೂಕುಂಡ ಒಡೆದು ಹಾಕಿತು. ಅಕ್ಕ ಫೋನ್ ಮಾಡಿ, ನಗುತ್ತಲೋ ಅಳುತ್ತಲೋ, ತರಗತಿಗೆ ಕಳಿಸುತ್ತೇನೆ ಕಣೇ ಎಂದಳು.

ಐದನೇ ಶನಿವಾರ ಪಿಯಾನೊದಲ್ಲಿ ಮಾಡುವ ಕೆಲಸ ಏನೂ ಉಳಿದಿರಲಿಲ್ಲ. ಹನ್ನೆರಡನೇ ಕುರ್ಚಿ ಅವಳು ಇಟ್ಟಲ್ಲೇ ಇತ್ತು. ಮುಟ್ಟಿ ನೋಡಿದಳು, ಬರೀ ಮರ. ಇಡಬೇಕೋ ತೆಗೆಯಬೇಕೋ ಎಂದು ಯೋಚಿಸಿ ಇಟ್ಟಳು. ಕರೆಯುವ ಹಾಡನ್ನು ಸರಿಯಾದ 'ರ' ಹಾಕಿಯೇ ಹಾಡಿದಳು. ಹಾಡುವಾಗ ಕಣ್ಣು ಬಾಗಿಲ ಮೇಲೆಯೇ ಇತ್ತು.

ಕರಡಿಯ ಕಥೆ ಅರ್ಧವಾದಾಗ ಅವನು ಬಂದ. ಪೆಟ್ಟಿಗೆ ಇರಲಿಲ್ಲ, ಇಸ್ತ್ರಿ ಮಾಡಿದ ಅಂಗಿ ಇತ್ತು. ಎಡಗಾಲಿನ ಲೇಸ್ ಇವತ್ತೂ ಬಿಚ್ಚಿಕೊಂಡಿತ್ತು. ವೃತ್ತದೊಳಗೆ ಬಂದು ಆ ಪುಟಾಣಿ ಕುರ್ಚಿಯ ಮೇಲೆ ಕೂತ. ಮಂಡಿ ಗದ್ದಕ್ಕೆ ತಾಗುತ್ತಿತ್ತು. ಮಕ್ಕಳು ಮುಸಿಮುಸಿ ನಕ್ಕರು.

"ತಡ ಆಯ್ತು," ಎಂದ. "ಕುರ್ಚಿ ತಣ್ಣಗಿದೆ."

"ಕೂತ್ಕೊಳ್ಳಿ. ಬೆಚ್ಚಗಾಗುತ್ತೆ," ಎಂದಳು ಅವಳು, ಕರಡಿಯ ದನಿಯಲ್ಲೇ. ಕೆನ್ನೆಗೆ ರಂಗೇರಿದ್ದನ್ನು ಯಾವ ಕರಡಿಯಿಂದಲೂ ಮುಚ್ಚಲಾಗಲಿಲ್ಲ.

ಕೊನೆಗೆ ಕಳಿಸುವ ಹಾಡು. ಹನ್ನೊಂದು ಹೆಸರು ಹಾಡಿದಳು, ಹನ್ನೊಂದು ಮಕ್ಕಳು ಬಾಗಿಲು ದಾಟಿ ಮೆಟ್ಟಿಲಿನಲ್ಲಿ ಗದ್ದಲ ಮಾಡುತ್ತ ಇಳಿದರು. ಅವನು ಕೂತೇ ಇದ್ದ.

"ನೀವು ಹೊರಡಲ್ವಾ?"

"ಹೇಗೆ ಹೊರಡ್ಲಿ? ನನ್ನ ಹೆಸರು ಬರಲೇ ಇಲ್ವಲ್ಲ."

ಅವಳು ನೋಟ್‌ಬುಕ್ ತೆರೆದು, ಅಂಟಿಸಿದ ಹಳದಿ ಪುಟವನ್ನು ಬೆರಳಿನಿಂದ ಸವರಿದಳು. ನಂತರ ಮುಚ್ಚಿದಳು.

"ಬರಲ್ಲ," ಎಂದಳು. "ಮರೆತು ಬಿಟ್ಟಿದ್ದಲ್ಲ. ನಿಮ್ಮನ್ನ ಕಳಿಸೋಕೆ ನಂಗಿಷ್ಟ ಇಲ್ಲ, ಸಾಸಿವೆ."

ಅವನು ಜೇಬಿನಿಂದ ಆ ಕಾಳನ್ನು ತೆಗೆದು ಅವಳ ಅಂಗೈಯಲ್ಲಿಟ್ಟು, ಬೆರಳು ಮಡಚಿ, ಆ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಕೆಳಗಿನಿಂದ ಬುಗುರಿ ಚಿಕ್ಕಿ, ಚಿಕ್ಕಿ ಎಂದು ಕೂಗುತ್ತಿತ್ತು.

ಅವನು ಎದ್ದು ಕುರ್ಚಿಗಳನ್ನು ಪೇರಿಸಲು ಕೈಜೋಡಿಸಿದ. ಕೊನೆಯ ಕುರ್ಚಿಯ ಮೇಲೆ ಅವಳು ಅಭ್ಯಾಸಬಲದಿಂದ ಅಂಗೈ ಇಟ್ಟು ನೋಡಿದಳು. ಬೆಚ್ಚಗಿತ್ತು. ಯಾಕೆಂದು ಈ ಸಲ ಗೊತ್ತಿತ್ತು.